ಕ್ರೈಂ ಸರಣಿಗಳಲ್ಲಿ ಯಹೂದಿ ಹೆಣ್ಣು: ಒಟ್ಟಿಗೆ ಕೂತು ಚರ್ಚಿಸುವ ಬಳಗಗಳಿಗೆ ಕೈಪಿಡಿ

ಹಾಸನ, ಚಿಕ್ಕಮಗಳೂರು ಕಡೆಯ ಬಹುತೇಕರು ಯಹೂದಿ ಹೆಂಗಸೊಬ್ಬರನ್ನು ಮುಖಾಮುಖಿ ಕಂಡಿರುವುದಿಲ್ಲ. ಬೈಬಲ್ಲಿನ ಕಥೆಗಳು, ಹಿಟ್ಲರನ ಕಾಲದ ಸಿನಿಮಾಗಳು, ಈಗೀಗ ಫೋನಿನಲ್ಲಿ ನೋಡುವ ಕ್ರೈಂ ಸರಣಿಗಳು, ಪರಿಚಯವೆಲ್ಲ ಇಷ್ಟರಿಂದಲೇ ಆದದ್ದು. ನಮ್ಮದೇ ಬೀದಿಯವರನ್ನು ಧಾರಾವಾಹಿ ತಪ್ಪಾಗಿ ತೋರಿಸಿದರೆ "ಅವರು ಹಾಗಿಲ್ಲವಲ್ಲ" ಎನ್ನಲು ಯಾರಾದರೂ ಇರುತ್ತಾರೆ. ಇಲ್ಲಿ ಹಾಗೆನ್ನುವವರಿಲ್ಲ. ಆದ್ದರಿಂದ ನೋಡುವ ಕ್ರಮವನ್ನೇ ಕಲಿಯಬೇಕಾಗುತ್ತದೆ. ಕಾಲೇಜಿನ ಸಾಹಿತ್ಯ ಸಂಘವೋ ಊರಿನ ಚಿತ್ರ ಸಮಾಜವೋ ಐದು ವಾರ, ವಾರಕ್ಕೊಂದು ಸಂಜೆ ಎತ್ತಿಟ್ಟರೆ ಸಾಕು. 12ರಿಂದ 20 ಜನ ಇದ್ದರೆ ಮಾತು ಚೆನ್ನಾಗಿ ನಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ಮುಂದಿನ ಸಾಲಿನವರಷ್ಟೇ ಮಾತಾಡುತ್ತಾರೆ.

"ಈ ಪಾತ್ರ ಒಳ್ಳೆಯದೋ ಕೆಟ್ಟದೋ" ಎಂಬ ಪ್ರಶ್ನೆಯನ್ನು ಮೊದಲೇ ಬದಿಗಿಡಿ. ಅಳುವವಳ ಜಾಗಕ್ಕೆ ಪಿಸ್ತೂಲು ಹಿಡಿದವಳನ್ನು ತಂದರೆ ಅಚ್ಚು (ಒಂದು ಸಮುದಾಯದವರನ್ನೆಲ್ಲ ಒಂದೇ ಬಗೆಯಲ್ಲಿ ತೋರಿಸುವ ಸಿದ್ಧ ಮಾದರಿ) ಬದಲಾಗುತ್ತದೆ, ಒಡೆಯುವುದಿಲ್ಲ. ಒಂದು ಕಥೆಯಲ್ಲಿ ಒಬ್ಬಳೇ ಯಹೂದಿ ಹೆಣ್ಣಿದ್ದರೆ ಅವಳು ಇಡೀ ಸಮುದಾಯದ ಪರವಾಗಿ ನಿಂತವಳಂತೆ ಕಾಣುತ್ತಾಳೆ. ಇಬ್ಬರು ಮೂವರಿದ್ದು, ತಮ್ಮತಮ್ಮಲ್ಲೇ ಒಪ್ಪದೆ ವಾದಕ್ಕಿಳಿದಾಗ ಮಾತ್ರ ಅವರು ಬೇರೆಬೇರೆ ಮನುಷ್ಯರಾಗುತ್ತಾರೆ. ಐದು ವಾರವೂ ಮುಖ್ಯವಾಗಿ ಹುಡುಕಬೇಕಾದದ್ದು ಇದನ್ನೇ.

ಮೊದಲ ಸಂಜೆ: ಹಳೆಯ ಅಚ್ಚುಗಳು

ಮೊದಲ ಸಂಜೆ ಯಾವ ಸರಣಿಯನ್ನೂ ಹಾಕಬೇಡಿ. ಅಚ್ಚು ಯಾವುದೆಂದು ಗೊತ್ತಿಲ್ಲದವರಿಗೆ ಅದು ಒಡೆದದ್ದೂ ಕಾಣುವುದಿಲ್ಲ. ಮೂರು ಅಚ್ಚುಗಳನ್ನು ಹಲಗೆಯ ಮೇಲೆ ಬರೆಯಿರಿ.

ಮೊದಲನೆಯದು ಪರದೇಶದ ಸುಂದರಿ. 19ನೇ ಶತಮಾನದ ಯುರೋಪಿನ ಕಾದಂಬರಿ ಮತ್ತು ಚಿತ್ರಕಲೆಯಲ್ಲಿ ಇವಳಿಗೆ 'ಬೆಲ್ ಜುಯಿವ್' ಎಂಬ ಫ್ರೆಂಚ್ ಹೆಸರೇ ಇತ್ತು. ಕಪ್ಪು ಕೂದಲು, ನಿಗೂಢ ಚೆಲುವು. ನಾಯಕನಿಗೆ ಅವಳ ಮೇಲೆ ಮೋಹ, ಆದರೆ ಕಥೆ ಮುಗಿಯುವಷ್ಟರಲ್ಲಿ ಅವಳು ದೂರ ಹೋಗಬೇಕು ಇಲ್ಲವೇ ಸಾಯಬೇಕು. ವಾಲ್ಟರ್ ಸ್ಕಾಟ್‌ನ 'ಐವನ್‌ಹೋ' (1819) ಕಾದಂಬರಿಯ ರೆಬೆಕ್ಕಾ ಇದರ ಹೆಸರಾಂತ ಉದಾಹರಣೆ. ಅವಳು ಕೊನೆಗೆ ಇಂಗ್ಲೆಂಡನ್ನೇ ಬಿಟ್ಟು ಹೋಗುತ್ತಾಳೆ.

ಎರಡನೆಯದು ಯಹೂದಿ ತಾಯಿ. ಇದರ ಆರಂಭ ಒಳ್ಳೆಯದೇ ಆಗಿತ್ತು. ಗರ್ಟ್ರೂಡ್ ಬರ್ಗ್ ಎಂಬಾಕೆ ತಾನೇ ಬರೆದು ತಾನೇ ಅಭಿನಯಿಸಿದ 'ದಿ ಗೋಲ್ಡ್‌ಬರ್ಗ್ಸ್' 1929ರಲ್ಲಿ ಅಮೆರಿಕದ ರೇಡಿಯೋದಲ್ಲಿ ಶುರುವಾಗಿ 1949ರಲ್ಲಿ ಟೀವಿಗೆ ಬಂತು. ಅದರ ತಾಯಿ ಮಾಲಿ ಜಾಣೆ, ನೆರೆಹೊರೆಗೆಲ್ಲ ಬೇಕಾದವಳು. ಮುಂದಿನ ದಶಕಗಳ ಹಾಸ್ಯಗಾರರು ಅದೇ ತಾಯಿಯನ್ನು ಬಲವಂತವಾಗಿ ಊಟ ತುರುಕುವ, ಮಗನ ಮನಸ್ಸಿನಲ್ಲಿ ಅಪರಾಧಿ ಭಾವ ಬಿತ್ತುವ ಕಿರಿಕಿರಿಯ ಹೆಂಗಸನ್ನಾಗಿ ಮಾಡಿದರು.

ಮೂರನೆಯದು ರಾಜಕುಮಾರಿ: ಅಪ್ಪನ ದುಡ್ಡು, ಅಂಗಡಿ ಸುತ್ತಾಟ, ಮುಗಿಯದ ದೂರು. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಹುಟ್ಟಿದ ಅಚ್ಚಿದು. ಇದನ್ನು ಬರೀ ನಗೆಹನಿ ಎಂದುಕೊಳ್ಳುವವರಿಗೆ ಒಂದು ಮೊಕದ್ದಮೆಯ ಸಂಗತಿ ಹೇಳಿ. 1981ರಲ್ಲಿ ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ಒಬ್ಬ ಗಂಡ ತನ್ನ ಹೆಂಡತಿಯನ್ನು 26 ಬಾರಿ ಇರಿದು ಕೊಂದ. ಸತ್ತವಳು ಎಷ್ಟು ಕಾಡುವ, ಎಷ್ಟು ಖರ್ಚು ಮಾಡುವ ಹೆಂಗಸಾಗಿದ್ದಳು ಎಂಬ ಚಿತ್ರವನ್ನು ಪ್ರತಿವಾದಿ ವಕೀಲರು ಜೂರಿಯ ಮುಂದಿಟ್ಟರು. ತಾತ್ಕಾಲಿಕ ಬುದ್ಧಿಭ್ರಮಣೆಯ ಹೆಸರಿನಲ್ಲಿ ಗಂಡ ಬಿಡುಗಡೆಯಾದ. ಕ್ರೈಂ ಸರಣಿಯಲ್ಲಿ ಈ ಅಚ್ಚು ಕಂಡಾಗ ನಾವೇಕೆ ಎಚ್ಚರವಾಗಿರಬೇಕು ಎಂಬುದನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವುದು ಕಷ್ಟ. ಕೊಲೆಯಾದವಳನ್ನೇ ಕಟಕಟೆಗೆ ಏರಿಸಲು ಅಚ್ಚು ಸಾಕಾಗುತ್ತದೆ.

ಅದೇ ಸಂಜೆ ಒಂದು ಪುಟದ ಆಚರಣೆಗಳ ಪಟ್ಟಿಯನ್ನು ಕನ್ನಡದಲ್ಲಿ ಮಾಡಿ ಹಂಚಿ. ಇಷ್ಟಿದ್ದರೆ ಸಾಕು. ಸಂಪ್ರದಾಯಸ್ಥ ಮದುವೆಯಾದ ಹೆಂಗಸರು ತಲೆಗೂದಲು ಮುಚ್ಚುತ್ತಾರೆ. ಹಲವರು ಅದಕ್ಕೆ 'ಶೈಟಲ್' ಎಂಬ ವಿಗ್ ಧರಿಸುತ್ತಾರೆ. ಮದುವೆಯಾಗದ ಹುಡುಗಿ ಮುಚ್ಚುವುದಿಲ್ಲ. ಶುಕ್ರವಾರ ಸಬ್ಬತ್ (ಅಂದು ಸೂರ್ಯಾಸ್ತಕ್ಕೆ ಶುರುವಾಗಿ ಶನಿವಾರ ಮುಗಿಯುವ ವಿಶ್ರಾಂತಿ ದಿನ) ದೀಪ ಹಚ್ಚುವುದು ಸೂರ್ಯಾಸ್ತಕ್ಕೆ ಸಾಮಾನ್ಯವಾಗಿ 18 ನಿಮಿಷ ಮೊದಲು. ಕತ್ತಲಾದ ಮೇಲೆ ಹಚ್ಚುವ ದೃಶ್ಯವಿದ್ದರೆ ಬರೆದವರಿಗೆ ಮನೆಯ ಒಳಗು ಗೊತ್ತಿಲ್ಲ ಎಂದರ್ಥ. ಸಾವಾದರೆ ಬೇಗ ಮಣ್ಣು ಮಾಡಬೇಕು, ಆಮೇಲೆ ಏಳು ದಿನ 'ಶಿವಾ' ಸೂತಕ; ತಗ್ಗಿನ ಪೀಠದಲ್ಲಿ ಕೂರುತ್ತಾರೆ, ಹಲವು ಮನೆಗಳಲ್ಲಿ ಕನ್ನಡಿ ಮುಚ್ಚುತ್ತಾರೆ. ಹೆಂಗಸಿನ ಶವಕ್ಕೆ ಹೆಂಗಸರೇ ಸ್ನಾನ ಮಾಡಿಸುತ್ತಾರೆ. ಧರ್ಮಶಾಸ್ತ್ರದ ವಿಚ್ಛೇದನ ಪತ್ರ 'ಗೆಟ್'. ಅದನ್ನು ಗಂಡನೇ ಕೊಡಬೇಕು, ಕೊಡದೆ ಸತಾಯಿಸಿದರೆ ಹೆಂಡತಿ ಬಿಡುಗಡೆಯೇ ಇಲ್ಲದ 'ಅಗುನಾ' ಆಗಿ ಉಳಿಯುತ್ತಾಳೆ.

ಇವುಗಳಲ್ಲಿ ಕ್ರೈಂ ಕಥೆಗೆ ಅತಿ ಹತ್ತಿರದ್ದು ಮರಣೋತ್ತರ ಪರೀಕ್ಷೆಯ ಪ್ರಶ್ನೆ. ಶವವನ್ನು ಕೊಯ್ಯಬಾರದು, ಬೇಗ ಮಣ್ಣು ಮಾಡಬೇಕು ಎಂಬುದು ಮನೆಯವರ ನಂಬಿಕೆ. ಕೊಯ್ಯದೆ ಸಾಕ್ಷ್ಯ ಸಿಗದು ಎಂಬುದು ಪೊಲೀಸರ ಕಷ್ಟ. ಎಷ್ಟೋ ಕಂತುಗಳು ಇದನ್ನು "ಮೂಢ ಸಮುದಾಯ ತನಿಖೆಗೆ ಅಡ್ಡ ಬಂತು" ಎಂಬ ಮಟ್ಟಕ್ಕೆ ಇಳಿಸಿಬಿಡುತ್ತವೆ. ನಿಜದಲ್ಲಿ ಜೀವರಕ್ಷಣೆಯ ಪ್ರಶ್ನೆ ಬಂದಾಗ ಶಾಸ್ತ್ರವೇ ಸಡಿಲ ಕೊಡುತ್ತದೆ, ಮನೆಯೊಳಗೇ ಎರಡು ಅಭಿಪ್ರಾಯ ಇರುತ್ತದೆ. ಅಂಥ ದೃಶ್ಯ ಬಂದಾಗ ಸತ್ತವರ ತಾಯಿ, ಹೆಂಡತಿ, ಮಗಳಿಗೆ ಮಾತಿದೆಯೇ, ಇಲ್ಲ ಗಡ್ಡದ ಗಂಡಸರೇ ಎಲ್ಲವನ್ನೂ ಹೇಳುತ್ತಾರೆಯೇ ನೋಡಿ.

ನೋಡುವ ವ್ಯವಸ್ಥೆ

ಇಡೀ ಕಂತನ್ನು ಸಭಾಂಗಣದಲ್ಲಿ ಹಾಕುವ ಯೋಚನೆ ಬಿಡಿ. ಓಟಿಟಿ ಖಾತೆಗಳು ಸ್ವಂತ ಬಳಕೆಗೆಂದೇ ಒಪ್ಪಂದ ಮಾಡಿಕೊಂಡಿರುತ್ತವೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಶಿಕ್ಷಣ ಸಂಸ್ಥೆಯೊಳಗೆ ಸಿಬ್ಬಂದಿ, ವಿದ್ಯಾರ್ಥಿ, ಪೋಷಕರಿಗೆ ಸೀಮಿತವಾದ ಪ್ರದರ್ಶನಕ್ಕೆ ವಿನಾಯಿತಿ ಕೊಡುತ್ತದೆ ನಿಜ, ಆದರೆ ಊರಿನ ಸಂಘ ಸಾರ್ವಜನಿಕರನ್ನು ಕರೆದು ತೋರಿಸಿದರೆ ಆ ರಕ್ಷಣೆ ಇರುವುದಿಲ್ಲ. ಎಲ್ಲರೂ ಮನೆಯಲ್ಲೇ ಕಂತು ನೋಡಿ, ಟಿಪ್ಪಣಿಯೊಂದಿಗೆ ಸಂಜೆ ಸೇರುವುದು ಸರಿಯಾದ ದಾರಿ. ಮೂಡಿಗೆರೆ, ಆಲೂರು, ಸಕಲೇಶಪುರದ ಕಡೆ ಹೋಗುವವರಿಗೂ ಇದೇ ಅನುಕೂಲ. ಒಂದೂವರೆ ಗಂಟೆಯಲ್ಲಿ ಚರ್ಚೆ ಮುಗಿದು ಬಸ್ಸು ಸಿಗುತ್ತದೆ.

ಕಾಲೇಜಿನ ತರಗತಿಯಲ್ಲಿ ಎರಡು ಮೂರು ತುಣುಕು ತೋರಿಸುವುದಾದರೆ ಹಿಂದಿನ ದಿನವೇ ಪ್ರೊಜೆಕ್ಟರ್ ಪರೀಕ್ಷಿಸಿ. ಹಳೆಯ ವಿಜಿಎ ಕೇಬಲ್ಲಿಗೆ ಪರಿವರ್ತಕ ಸಿಕ್ಕಿಸಿದರೆ ಧ್ವನಿ ಬಂದು ಚಿತ್ರ ಕಪ್ಪಾಗುವುದು ಸಾಮಾನ್ಯ. ಅದು ಪ್ರೊಜೆಕ್ಟರ್ ಕೆಟ್ಟದ್ದಲ್ಲ, ಸರಣಿಯ ನಕಲು ತಡೆ ವ್ಯವಸ್ಥೆ ಆ ಜೋಡಣೆಯನ್ನು ಒಪ್ಪುತ್ತಿಲ್ಲ ಅಷ್ಟೆ. ನೇರ ಎಚ್‌ಡಿಎಂಐ ಜೋಡಣೆ ಬಳಸಿ. ತೋಟದ ಮನೆಗಳಲ್ಲಿ ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಪೇಟೆಗೆ ಬಂದಾಗ ಫೋನಿಗೆ ಇಳಿಸಿಕೊಂಡು ಹೋಗಿ. ಕೆಲವು ಕಂತುಗಳು ನೋಡಲು ಶುರು ಮಾಡಿದ 48 ಗಂಟೆಯಲ್ಲಿ ಅಳಿಸಿಹೋಗುವುದರಿಂದ ಅರ್ಧ ನೋಡಿ ಬಿಡಬೇಡಿ.

ದಿನ ಗೊತ್ತು ಮಾಡುವಾಗ ದೀಪಾವಳಿ ಆಸುಪಾಸಿನ ಹಾಸನಾಂಬೆ ದರ್ಶನದ ವಾರಗಳನ್ನೂ ಡಿಸೆಂಬರ್, ಜನವರಿಯ ಕಾಫಿ ಕೊಯ್ಲನ್ನೂ ತಪ್ಪಿಸಿ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಐದು ವಾರ ಸಲೀಸಾಗಿ ಸಿಗುತ್ತದೆ. ಪಿಯು ವಿದ್ಯಾರ್ಥಿಗಳಿದ್ದರೆ ಕಂತಿನ ಆರಂಭದಲ್ಲಿ ಬರುವ ವಯಸ್ಸಿನ ಗುರುತು ನೋಡಿ. 'ಎ' ಇದ್ದದ್ದನ್ನು ಅವರ ಪಟ್ಟಿಯಿಂದ ತೆಗೆಯಿರಿ.

ಧ್ವನಿಯ ವಿಷಯದಲ್ಲಿ ರಾಜಿ ಬೇಡ. ಮೂಲ ಭಾಷೆಯ ಧ್ವನಿ, ಇಂಗ್ಲಿಷ್ ಅಡಿಬರಹ. ಹಿಂದಿ ಅಥವಾ ಇಂಗ್ಲಿಷ್ ಡಬ್ಬಿಂಗ್ ಹಾಕಿದರೆ ಯಾರು ಯಾರ ಜೊತೆ ಯಾವ ಭಾಷೆಗೆ ಹೊರಳಿದರು ಎಂಬುದು ಅಳಿಸಿಹೋಗುತ್ತದೆ. ಮನೆಯಲ್ಲಿ ಒಂದು ಮಾತು, ಠಾಣೆಯಲ್ಲಿ ಇನ್ನೊಂದು ಮಾತು ಆಡುವ ಪಾತ್ರದ ಅರ್ಧ ಜೀವ ಅಲ್ಲೇ ಇರುತ್ತದೆ. ಅಡಿಬರಹ ಓದಲು ಕಷ್ಟವಾಗುವವರಿಗಾಗಿ ಒಬ್ಬರು ಕಂತಿನ ಕಥೆಯನ್ನು ಒಂದು ಪುಟ ಕನ್ನಡದಲ್ಲಿ ಬರೆದಿಡಲಿ.

ಟಿಪ್ಪಣಿ

ಕಂತನ್ನು ಎರಡು ಸಲ ನೋಡಿ. ಮೊದಲ ಸಲ ನಿಲ್ಲಿಸದೆ, ಪೆನ್ನು ಮುಟ್ಟದೆ. ಎರಡನೆಯ ಸಲ ಪುಟಕ್ಕೆ ಐದು ಅಂಕಣ ಎಳೆದುಕೊಂಡು ಕೂರಿ: ನಿಮಿಷ, ದೃಶ್ಯದಲ್ಲಿ ಯಾರಿದ್ದಾರೆ, ಅವಳು ತಂದ ಹೊಸ ಸಂಗತಿ ಏನು, ತೀರ್ಮಾನ ಯಾರದ್ದು, ಯಹೂದಿತನದ ಗುರುತು ಯಾವುದು. 45 ನಿಮಿಷದ ಕಂತಿಗೆ ಹತ್ತು ಹದಿನೈದು ಸಾಲು ತುಂಬಿದರೆ ಬೇಕಾದಷ್ಟಾಯಿತು.

ನಾಲ್ಕನೆಯ ಅಂಕಣವೇ ಹೆಚ್ಚಿನ ಸತ್ಯ ಹೇಳುವುದು. ಚುರುಕು ಮಾತಿನ, ದಿಟ್ಟ ಹೆಣ್ಣು ಎನಿಸಿದ ಪಾತ್ರದ ಹೆಸರು ಆ ಅಂಕಣದಲ್ಲಿ ಒಮ್ಮೆಯೂ ಬರದೆ ಹೋಗುವುದುಂಟು. ಐದನೆಯ ಅಂಕಣದಲ್ಲಿ ಕುತ್ತಿಗೆಯ ನಕ್ಷತ್ರದ ಪದಕ, ಮೇಜಿನ ಕ್ಯಾಂಡಲ್, ಒಂದು ಹೀಬ್ರೂ ಪದ ಇಷ್ಟೇ ಇದ್ದರೆ ಯಹೂದಿತನ ವೇಷಭೂಷಣದ ಕೆಲಸ ಮಾಡುತ್ತಿದೆ. ಖಚಿತ ಮಾಡಿಕೊಳ್ಳಲು ಆ ಗುರುತನ್ನು ಮನಸ್ಸಿನಲ್ಲೇ ಅಳಿಸಿ ದೃಶ್ಯವನ್ನು ಇನ್ನೊಮ್ಮೆ ಓದಿ. ಏನೂ ಬದಲಾಗದಿದ್ದರೆ ಅದು ಅಲಂಕಾರ. ಅವಳ ನಿರ್ಧಾರವೇ ಅರ್ಥ ಕಳೆದುಕೊಂಡರೆ ಅದು ಬದುಕು.

ಅಲ್ಲಿ ಹೆಚ್ಚಾಗಿ ಆಗುವ ತಪ್ಪೊಂದಿದೆ. ಹೊಸಬರು ನಟಿಯ ಮುಖ, ಮೂಗು, ಕೂದಲು ನೋಡಿ "ಯಹೂದಿಯಂತೆ ಕಾಣುತ್ತಾಳೆ, ಕಾಣುವುದಿಲ್ಲ" ಎಂದು ಬರೆಯುತ್ತಾರೆ. ಆ ವಾಕ್ಯವನ್ನು ಹೊಡೆದುಹಾಕಿಸಿ. ಮುಖ ನೋಡಿ ಜನಾಂಗ ಗುರುತಿಸುವುದು ದ್ವೇಷದ ಹಳೆಯ ವಿದ್ಯೆ. ಕ್ಯಾಮೆರಾ ಅವಳ ದೇಹವನ್ನು ಹೇಗೆ ನೋಡುತ್ತದೆ ಎಂದು ಬರೆಯಬಹುದು, ದೇಹ ಹೇಗಿದೆ ಎಂದಲ್ಲ.

ಎರಡರಿಂದ ಐದನೆಯ ಸಂಜೆ

ಎರಡನೆಯ ವಾರಕ್ಕೆ 'ಎನ್‌ಸಿಐಎಸ್' ಸರಣಿಯ ಮೂರನೇ ಸೀಸನ್ನಿನ ಮೊದಲ ಎರಡು ಕಂತು, 2005ರವು. ಅಮೆರಿಕದ ನೌಕಾಪಡೆಗೆ ಸಂಬಂಧಿಸಿದ ಅಪರಾಧಗಳನ್ನು ತನಿಖೆ ಮಾಡುವ ತಂಡದ ಕಥೆ ಇದು. ಇಲ್ಲಿ ಝೀವಾ ಡೇವಿಡ್ ಬರುತ್ತಾಳೆ: ಇಸ್ರೇಲಿನ ಗುಪ್ತಚರ ಸಂಸ್ಥೆಯಾದ ಮೊಸಾದ್ ಅಧಿಕಾರಿ, ಮೊಸಾದ್‌ನ ಹಿರಿಯ ಅಧಿಕಾರಿಯೊಬ್ಬನ ಮಗಳು. ತಂಡದ ಕೇಟ್‌ಳನ್ನು ಕೊಂದ ಆರಿ ಇವಳ ಮಲಸಹೋದರ. ಅವನು ನಿರಪರಾಧಿ ಎಂದು ವಾದಿಸಿಕೊಂಡು ಬಂದವಳು, ಸತ್ಯ ತಿಳಿದ ಗಳಿಗೆಯಲ್ಲಿ ತಾನೇ ಅವನಿಗೆ ಗುಂಡು ಹೊಡೆಯುತ್ತಾಳೆ. ತಾಯಿಯ ಅಚ್ಚೂ ಇಲ್ಲ, ರಾಜಕುಮಾರಿಯ ಅಚ್ಚೂ ಇಲ್ಲ, ತೀರ್ಮಾನದ ಅಂಕಣದಲ್ಲಿ ಅವಳ ಹೆಸರಿದೆ. ಹಾಗೆಂದು ಅಲ್ಲೇ ಚಪ್ಪಾಳೆ ಹೊಡೆಯಬೇಡಿ. ಅವಳ ಮೊದಲ ಪ್ರವೇಶವನ್ನು ಮತ್ತೆ ಹಾಕಿ ನೋಡಿ. ಸಹೋದ್ಯೋಗಿಯೊಂದಿಗೆ ಕೀಟಲೆಯ ಸರಸ, ಪರದೇಶಿ ಚೆಲುವು, ಕೈಯಲ್ಲಿ ಸಾವು. 19ನೇ ಶತಮಾನದ ಆ ಸುಂದರಿಯೇ ಪಿಸ್ತೂಲು ಹಿಡಿದು ಬಂದಿದ್ದಾಳೆ. ಹಲವು ಭಾಷೆ ಬಲ್ಲವಳು ಇಂಗ್ಲಿಷ್ ನುಡಿಗಟ್ಟುಗಳನ್ನು ಮಾತ್ರ ಕಂತುಕಂತಿಗೂ ತಪ್ಪಾಗಿ ಆಡುತ್ತಾಳೆ, ಅವಳು ಹೊರಗಿನವಳೆಂಬುದನ್ನು ನಾವು ಮರೆಯದಿರಲಿ ಎಂಬಂತೆ. ಅವಳ ಯಹೂದಿತನವೆಂದರೆ ಬಹುಪಾಲು ಇಸ್ರೇಲ್ ಮತ್ತು ಆಯುಧ. ಪಾತ್ರ ವಹಿಸಿದ ಕೋಟೆ ಡೆ ಪಾಬ್ಲೋ ಚಿಲಿಯಲ್ಲಿ ಹುಟ್ಟಿದವರು; ಯಹೂದಿ ಪಾತ್ರಗಳನ್ನು ಯಹೂದಿಯಲ್ಲದವರು ಮಾಡಬಹುದೇ ಎಂಬ ಚರ್ಚೆಯನ್ನು ಇಲ್ಲಿಂದ ಎತ್ತಬಹುದು, ಹತ್ತು ನಿಮಿಷಕ್ಕಿಂತ ಹೆಚ್ಚು ಅಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಝೀವಾಳನ್ನು ಎರಡೇ ಕಂತಿನಿಂದ ತೂಗುವುದು ಅನ್ಯಾಯ. 2013ರವರೆಗೆ ಅವಳು ಸರಣಿಯಲ್ಲಿದ್ದಳು, ಅಮೆರಿಕದ ಪೌರಳಾದಳು, ತಂದೆಯ ನೆರಳಿನಿಂದ ಹೊರಬರಲು ಹೆಣಗಿದಳು, 2019ರಲ್ಲಿ ಮರಳಿದಳು. ದೀರ್ಘ ಸರಣಿಗಳು ಅಚ್ಚಿನಿಂದ ಶುರುವಾಗಿ ನಿಧಾನವಾಗಿ ಅದನ್ನು ಕಳಚಿಕೊಳ್ಳುವುದುಂಟು. ಸಮಯವಿದ್ದವರು ಏಳನೇ ಸೀಸನ್ನಿನ ಒಂದೆರಡು ಕಂತು ಸೇರಿಸಿಕೊಳ್ಳಲಿ.

ಮೂರನೆಯ ವಾರ 'ವಿಯೆನ್ನಾ ಬ್ಲಡ್' (2019). 20ನೇ ಶತಮಾನದ ಆರಂಭದ ವಿಯೆನ್ನಾ, ಮನೋವಿಶ್ಲೇಷಕ ಫ್ರಾಯ್ಡ್‌ನ ಶಿಷ್ಯನಾದ ಯಹೂದಿ ವೈದ್ಯ ಮ್ಯಾಕ್ಸ್ ಲೀಬರ್‌ಮನ್ ಪೊಲೀಸರಿಗೆ ನೆರವಾಗುತ್ತಾನೆ. ಕಥೆ ಅವನದು, ಆದರೆ ನೀವು ಅವನ ಮನೆಯ ಊಟದ ಮೇಜನ್ನು ನೋಡಿ. ತಾಯಿ ರೇಚಲ್, ಅಕ್ಕ ಲೀಯಾ, ಮದುವೆ ಗೊತ್ತಾದ ಕ್ಲಾರಾ ವೈಸ್. ಮೊದಲ ಸೀಸನ್ನಿನಲ್ಲಿ ಮ್ಯಾಕ್ಸ್‌ನ ಮನಸ್ಸು ಯಹೂದಿಯಲ್ಲದ ಇಂಗ್ಲಿಷ್ ಹುಡುಗಿ ಅಮೆಲಿಯಾ ಕಡೆ ವಾಲುತ್ತದೆ. ಯಹೂದಿ ಗಂಡಸು ಹೊರಗಿನ ಹುಡುಗಿಯನ್ನು ಬಯಸುವುದು, ಸಮುದಾಯದ ಹುಡುಗಿ ಬೇಸರದ ಕರ್ತವ್ಯದಂತೆ ಕಾಣುವುದು ಅಮೆರಿಕದ ಟೀವಿಯಲ್ಲಿ ಸವೆದುಹೋದ ಜಾಡು. ಇಲ್ಲಿ ವಿಶೇಷವೆಂದರೆ ಕೈಬಿಟ್ಟ ಕ್ಲಾರಾಳನ್ನು ಕಥೆ ಕೈಬಿಡುವುದಿಲ್ಲ. ಮುಂದೆ ಅವಳು ಪತ್ರಕರ್ತೆಯಾಗಿ ತನ್ನದೇ ಕಾರಣಕ್ಕೆ ಅಪರಾಧದ ಜಾಡಿಗೆ ಬರುತ್ತಾಳೆ. ಮೊದಲ ಸೀಸನ್ನಿನ ಒಂದು ಕಂತು, ಕ್ಲಾರಾ ವರದಿಗಾರ್ತಿಯಾದ ಮೇಲಿನ ಒಂದು ಕಂತು ನೋಡಿ ಅವಳ ಸಾಲುಗಳನ್ನಷ್ಟೇ ಪಕ್ಕಪಕ್ಕ ಇಡಿ.

ನಾಲ್ಕನೆಯ ವಾರಕ್ಕೆ ಇಟ್ಟುಕೊಳ್ಳಬೇಕಾದ್ದು 'ರಿಡ್ಲಿ ರೋಡ್' (ಬಿಬಿಸಿ, 2021). ನಾಲ್ಕೇ ಕಂತು, ಪೂರ್ತಿ ನೋಡಿ. ನಮ್ಮ ಅಭಿಪ್ರಾಯದಲ್ಲಿ ಈ ಪಟ್ಟಿಯ ಅತ್ಯುತ್ತಮ ಪಠ್ಯ ಇದು. ಹಿನ್ನೆಲೆ ನಿಜವಾದದ್ದು: 1962ರಲ್ಲಿ ಕಾಲಿನ್ ಜೋರ್ಡನ್ ಎಂಬ ನವನಾಜಿ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಯಹೂದಿ ವಿರೋಧಿ ಸಭೆ ನಡೆಸಿದ, ಅವನಂಥವರನ್ನು ಎದುರಿಸಲು ಯಹೂದಿಗಳು '62 ಗ್ರೂಪ್' ಕಟ್ಟಿಕೊಂಡರು. ಕಥೆಯ ವಿವಿಯನ್ ಎಪ್‌ಸ್ಟೈನ್ ಕಲ್ಪಿತ ಪಾತ್ರ. ಮ್ಯಾಂಚೆಸ್ಟರಿನ ಕೇಶ ವಿನ್ಯಾಸಕಿ, ಮನೆಯವರು ಗೊತ್ತು ಮಾಡಿದ ಮದುವೆ ಬಿಟ್ಟು ಬಂದವಳು, ಕೂದಲಿಗೆ ಹೊಂಬಣ್ಣ ಹಚ್ಚಿ ಆ ನಾಜಿಗಳ ನಡುವೆಯೇ ಸೇರಿಕೊಳ್ಳುತ್ತಾಳೆ. ಗುರುತು ಅಳಿಸಿ ನೋಡುವ ಪರೀಕ್ಷೆಯನ್ನು ಇಲ್ಲಿ ಪಾತ್ರವೇ ತನ್ನ ಮೇಲೆ ಮಾಡಿಕೊಳ್ಳುತ್ತದೆ. ಗುರುತು ಹೋದಷ್ಟೂ ಎದುರಿನವರು ಅವಳ ಮುಂದೆ ಬಾಯಿ ಬಿಚ್ಚುತ್ತಾರೆ, ಅವಳು ನಗುತ್ತಾ ಕೇಳಿಸಿಕೊಳ್ಳಬೇಕು. ಅವಳ ಜೊತೆಗೆ ಮಗಳು ಸುರಕ್ಷಿತವಾಗಿದ್ದರೆ ಸಾಕೆನ್ನುವ ತಾಯಿ ಇದ್ದಾಳೆ, ಹೋರಾಟದಲ್ಲಿ ಮುಂದೆ ನಿಂತ ನ್ಯಾನ್ಸಿ ಮ್ಯಾಲಿನೋವ್‌ಸ್ಕಿ ಇದ್ದಾಳೆ. ಮೂವರೂ ಯಹೂದಿಯರೇ, ಭಯಕ್ಕೆ ಮೂವರ ಉತ್ತರ ಬೇರೆಬೇರೆ. ತಾಯಿಯ ಸಾಲುಗಳನ್ನು ವಿಶೇಷವಾಗಿ ಗುರುತು ಹಾಕಿಕೊಳ್ಳಿ. ಕಿರಿಕಿರಿ ಎನ್ನಿಸುವ ಅವಳ ಆತಂಕಕ್ಕೆ ಮಹಾಯುದ್ಧ ಮುಗಿದು ಇನ್ನೂ ಇಪ್ಪತ್ತು ವರ್ಷವೂ ಆಗಿಲ್ಲ ಎಂಬ ಕಾರಣವಿದೆ. ಆ ಕಾರಣ ಕೊಟ್ಟ ಕೂಡಲೇ ಯಹೂದಿ ತಾಯಿಯ ಅಚ್ಚು ಬಿರುಕು ಬಿಡುತ್ತದೆ.

ಐದನೆಯ ವಾರ 'ರಫ್ ಡೈಮಂಡ್ಸ್' (ನೆಟ್‌ಫ್ಲಿಕ್ಸ್, 2023), ಎಂಟು ಕಂತಿನ ಮೊದಲ ಮೂರು. ಬೆಲ್ಜಿಯಂನ ಆಂಟ್‌ವರ್ಪ್‌ನ ಕಟ್ಟಾ ಸಂಪ್ರದಾಯಸ್ಥ ವಜ್ರ ವ್ಯಾಪಾರಿ ಕುಟುಂಬ. ಒಬ್ಬ ಮಗನ ಆತ್ಮಹತ್ಯೆಯಿಂದ ಸಾಲವೂ ಅಪರಾಧವೂ ಬಯಲಾಗುತ್ತವೆ. ಮಗಳು ಅಡೀನಾ ವ್ಯವಹಾರ ಬಲ್ಲವಳು, ಆದರೆ ಆ ಮನೆಯಲ್ಲಿ ವ್ಯವಹಾರದ ಕುರ್ಚಿ ಗಂಡಸರದ್ದು. ಯಿಡ್ಡಿಷ್ (ಯುರೋಪಿನ ಯಹೂದಿಗಳ ಮನೆಮಾತು), ಫ್ಲೆಮಿಶ್ (ಬೆಲ್ಜಿಯಂನ ಡಚ್), ಫ್ರೆಂಚ್ ನಡುವೆ ಮಾತು ಹೊರಳುವುದನ್ನು ಗಮನಿಸಿ. ಸಂಪ್ರದಾಯಸ್ಥ ಹೆಣ್ಣೆಂದರೆ ಓಡಿಹೋಗಲು ಕಾಯುತ್ತಿರುವ ಬಂದಿ ಎಂಬ ಹೊಸ ಅಚ್ಚೊಂದು ಇತ್ತೀಚೆಗೆ ಬೆಳೆದಿದೆ. ಅಡೀನಾ ವಿಗ್ ಧರಿಸಿಯೇ, ಮನೆಯೊಳಗಿದ್ದೇ ಜಾಗ ಕೇಳುತ್ತಾಳೆ. ಅಂದ ಹಾಗೆ ಆಂಟ್‌ವರ್ಪ್‌ನ ವಜ್ರದ ಬೀದಿಯಲ್ಲಿ ಗುಜರಾತಿನ ಪಾಲನ್‌ಪುರ ಮೂಲದ ಜೈನ ಕುಟುಂಬಗಳು ದೊಡ್ಡ ಪಾಲು ಹೊಂದಿವೆ. ವ್ಯಾಪಾರ ಕುದುರಿದಾಗ ಅವರೂ ಕೈಕುಲುಕಿ 'ಮಝಾಲ್' (ಅದೃಷ್ಟ ಎಂಬರ್ಥದ ಹೀಬ್ರೂ ಪದ) ಎನ್ನುತ್ತಾರೆ.

ಆರನೆಯ ವಾರ ಸಿಗುವುದಾದರೆ 'ಟೆಹ್ರಾನ್' (2020) ನೋಡಿ. ಗೂಢಚಾರಿಣಿ ತಮಾರ್ ಇರಾನಿನಲ್ಲಿ ಹುಟ್ಟಿದ ಯಹೂದಿ, ಫಾರ್ಸಿ ಅವಳ ಮನೆಮಾತು. ಅಲ್ಲೇ ಉಳಿದ ಚಿಕ್ಕಮ್ಮನೊಬ್ಬಳು ಎದುರಾಗುತ್ತಾಳೆ. ಯಹೂದಿ ಎಂದರೆ ಯುರೋಪಿನವರು ಎಂಬ ಗ್ರಹಿಕೆ ಇದರಿಂದ ಸಡಿಲವಾಗುತ್ತದೆ. ಅದಕ್ಕೆ ನಮ್ಮ ಸುತ್ತಿನ ಸಂಗತಿಗಳನ್ನೂ ಸೇರಿಸಿ: ಕೊಚ್ಚಿಯ ಯಹೂದಿ ಹೆಂಗಸರು ಕೈಬರಹದ ಪುಸ್ತಕಗಳಲ್ಲಿ ಕಾಪಾಡಿಕೊಂಡು ಬಂದ ಮಲಯಾಳಂ ಹಾಡುಗಳು, ಕೊಂಕಣದಲ್ಲಿ ಶನಿವಾರ ಗಾಣ ನಿಲ್ಲಿಸುತ್ತಿದ್ದ ಕಾರಣಕ್ಕೆ 'ಶನಿವಾರ ತೇಲಿ' ಎನಿಸಿಕೊಂಡ ಬೆನೆ ಇಸ್ರೇಲಿ ಯಹೂದಿಗಳು, ಹಿಂದಿ ಚಿತ್ರರಂಗದಲ್ಲಿ ಸುಲೋಚನಾ ಎಂಬ ಹೆಸರಿನಲ್ಲಿ ಬೆಳಗಿದ ರೂಬಿ ಮೈಯರ್ಸ್, ನಾದಿರಾ ಆದ ಫ್ಲಾರೆನ್ಸ್ ಎಜೆಕಿಯಲ್.

ಮಾತು ದಾರಿ ತಪ್ಪಿದಾಗ

ಮೂರು ಅಥವಾ ನಾಲ್ಕು ಜನರ ಗುಂಪು ಮಾಡಿ 20 ನಿಮಿಷ ಮಾತಾಡಿಸಿ, ಆಮೇಲೆ ಎಲ್ಲರೂ ಒಟ್ಟಿಗೆ 40 ನಿಮಿಷ. ಝೀವಾ, ತಮಾರ್ ಪಾತ್ರಗಳು ಬಂದ ಸಂಜೆ ಚರ್ಚೆ ಇಸ್ರೇಲ್, ಪ್ಯಾಲೆಸ್ತೀನಿನ ಕಡೆ ಖಂಡಿತ ತಿರುಗುತ್ತದೆ. ಬಾಯಿ ಮುಚ್ಚಿಸಬೇಡಿ, ಅನ್ಯಾಯ ಕಂಡವರು ಮಾತಾಡಲೇಬೇಕು. ಒಂದು ಗೆರೆ ಮಾತ್ರ ಮೊದಲೇ ಎಳೆದಿಡಿ. ಒಂದು ಸರ್ಕಾರದ ಕೆಲಸವನ್ನು ಎಷ್ಟು ಬೇಕಾದರೂ ಖಂಡಿಸಬಹುದು, ಅದನ್ನು ಯಹೂದಿಗಳೆಲ್ಲರ ಸ್ವಭಾವವೆಂದು ಹೇಳುವಂತಿಲ್ಲ. ಅದೇ ಗೆರೆ ಮುಸ್ಲಿಂ ಪಾತ್ರಗಳಿಗೂ ಅನ್ವಯ. ಮೊಸಾದ್ ಕಥೆಗಳಲ್ಲಿ ಯಹೂದಿ ಹೆಣ್ಣಿನ ಅಚ್ಚು ಒಡೆಯುವಾಗ ಅರಬ್ ಅಥವಾ ಇರಾನಿ ಹೆಣ್ಣನ್ನು ಹಳೆಯ ಅಚ್ಚಿಗೇ ತಳ್ಳಿರುವುದುಂಟು. ಅವರ ಸಾಲುಗಳನ್ನೂ ಅದೇ ಐದು ಅಂಕಣದಲ್ಲಿ ತುಂಬಿಸಿ.

ಕೊನೆಯ ಅರ್ಧ ಗಂಟೆ ಹಾಳೆಗಳನ್ನು ನಮ್ಮ ಕಡೆ ತಿರುಗಿಸಿ. ಯಾವುದಾದರೂ ಕನ್ನಡ ಅಪರಾಧ ಕಾರ್ಯಕ್ರಮದ ಒಂದು ಕಂತಿನಲ್ಲಿ ಲಂಬಾಣಿ, ಮುಸ್ಲಿಂ, ಕ್ರೈಸ್ತ, ತೋಟದ ಲೈನ್ ಮನೆಯ ಹೆಣ್ಣು ಹೇಗೆ ಬರುತ್ತಾಳೆ, ತೀರ್ಮಾನದ ಅಂಕಣದಲ್ಲಿ ಅವಳಿದ್ದಾಳೆಯೇ ಎಂದು ಎಣಿಸಿ. ಇಲ್ಲಿ ಪ್ರತಿಯೊಬ್ಬರಿಗೂ ತಾಳೆ ನೋಡಲು ಗುರುತಿನ ಮನುಷ್ಯರಿದ್ದಾರೆ, ಹಾಗಾಗಿ ಮಾತು ಬಿಸಿಯಾಗುತ್ತದೆ. ಸಮಯ ಕಾಯುವವರೊಬ್ಬರನ್ನು ನೇಮಿಸಿಡಿ.

ವಿಮರ್ಶೆ ಬರೆಯುವವರು 800 ಪದದೊಳಗೆ, ಒಂದೇ ಪಾತ್ರವನ್ನು ಹಿಡಿದು, ಕನಿಷ್ಠ ಮೂರು ದೃಶ್ಯಗಳನ್ನು ನಿಮಿಷದ ಸಮೇತ ಉಲ್ಲೇಖಿಸಿ ಬರೆಯಲಿ. "ಬಲಿಷ್ಠ ಮಹಿಳಾ ಪಾತ್ರ" ಎಂಬ ಮಾತು ಬಂದ ಕಡೆಯೆಲ್ಲ ಅದನ್ನು ತೆಗೆದು ಅವಳು ಮಾಡಿದ ಕೆಲಸವನ್ನು ಬರೆಯಲು ಹೇಳಿ. ಹೀಬ್ರೂ, ಯಿಡ್ಡಿಷ್ ಹೆಸರುಗಳನ್ನು ಇಂಗ್ಲಿಷ್ ಅಕ್ಷರ ನೋಡಿ ಬರೆಯದೆ, ಸರಣಿಯಲ್ಲಿ ಪಾತ್ರಗಳು ಉಚ್ಚರಿಸಿದ್ದನ್ನು ಕೇಳಿಕೊಂಡು ಕನ್ನಡಕ್ಕೆ ಇಳಿಸಿ, ಹಸ್ತಪ್ರತಿಯ ಉದ್ದಕ್ಕೂ ಒಂದೇ ರೂಪ ಉಳಿಸಿಕೊಳ್ಳಿ.